ಅದೇ, ಅಂಥದೇ

ಪಾಂಡವಪುರದ ಸರ್ವೆ ಕಚೇರಿ, ಹಿಂದಿನ ಕೋಣೆ.
ಕಿಟಕಿಯಾಚೆ ಕಬ್ಬಿನ ಲಾರಿ ಹೋದಾಗೆಲ್ಲ
ಮೇಜಿನ ಮೇಲಿನ ಮೌಸು ತಾನೇ ಸರಿಯುತ್ತದೆ,
ಬಾಣದ ಗುರುತು ಯಾರದೋ ಹೊಲಕ್ಕೆ ಕಾಲಿಡುತ್ತದೆ.

ನನಗೆ ಕೊಟ್ಟ ಕೆಲಸ ಸಣ್ಣದು:
ಎರಡೆರಡು ಸಲ ಸೇರಿಕೊಂಡ ಹೊಲಗಳಲ್ಲಿ
ಒಂದನ್ನು ಉಳಿಸು, ಮಿಕ್ಕದ್ದು ಅಳಿಸು.
ಹೆಸರಿಗೆ ಹೆಸರು ಹೋಲಿಸಿತು ಯಂತ್ರ. ತಾರೀಖಿಗೆ ತಾರೀಖು.
ಕಂದಾಯದ ಪೈಸೆಗೆ ಪೈಸೆ.
ನಕ್ಷೆಯ ಕಾಲಮ್ಮಿಗೆ ಬಂದಾಗ ನಿಂತಿತು:
ಈ ಬಗೆಯದಕ್ಕೆ ‘ಸಮ’ ಎಂಬ ಚಿಹ್ನೆ
ನನಗೆ ತಿಳಿಯದು ಎಂದು
ಕೆಂಪಕ್ಷರದಲ್ಲಿ, ಸಂಕೋಚವಿಲ್ಲದೆ ಒಪ್ಪಿಕೊಂಡಿತು.

ಇಷ್ಟು ವರ್ಷದಲ್ಲಿ ಈ ಕಚೇರಿಯೊಳಗೆ
ಗೊತ್ತಿಲ್ಲ ಎಂದವರನ್ನು ನಾನು ಕಂಡದ್ದು ಅದೇ ಮೊದಲು.

ಚೌಕದ ಬಗೆಗಾದರೆ ಒಂದು ಸಮಚಿಹ್ನೆ ಇದೆಯಂತೆ.
ಕೈಪಿಡಿ ತಿರುವಿದೆ. ಇದೆ. ಆದರೆ ಅದು
ಮೂಲೆಗಳನ್ನು ನೋಡುವುದಿಲ್ಲ, ಊರನ್ನು ಕೇಳುವುದಿಲ್ಲ,
ಉದ್ದಕ್ಕೆ ಅಗಲ ಗುಣಿಸುತ್ತದೆ, ಅಷ್ಟೆ.
ನಾಲೆಯ ತೂಬಿಗೆ ಬಾಯಿಟ್ಟ ಹದಿನೆಂಟು ಗುಂಟೆಯನ್ನೂ
ಬೆಟ್ಟದ ಮಗ್ಗುಲ ಹದಿನೆಂಟು ಗುಂಟೆ ಕಲ್ಲುನೆಲವನ್ನೂ
ಎದುರುಬದುರು ಇಟ್ಟು ಕೇಳಿದೆ.
‘ಹೌದು,’ ಎಂದಿತು. ‘ಸಮ.’

ಆ ಎರಡು ತುಂಡಿನ ಒಡತಿಯರು
ಕೌಂಟರಿನಾಚೆ ಬೆಂಚಿನ ಎರಡು ತುದಿಗೆ ಕೂತಿದ್ದರು.
ನಿಂಗಾಜಮ್ಮ, ಹೊಂಬಾಳಮ್ಮ. ಒಂದೇ ತಾಯ ಮಕ್ಕಳು.
ಪಾಲುಪತ್ರದಲ್ಲೂ ಅದೇ ಪದ: ಸಮಭಾಗ.
‘ಸಮ ಅಂತ ಮಿಸಿನ್ನೂ ಹೇಳ್ತಾ?’ ಅಂದಳು ನಿಂಗಾಜಮ್ಮ,
‘ಹಂಗಾರೆ ಅವಳ್ದು ನಂಗೆ ಕೊಡ್ಸವ್ವ, ನಂದು ಅವಳ್ಗೆ.
ಸಮ ಆದ್ಮೇಲೆ ಅದ್ಲುಬದ್ಲಿಗೆ ಏನು ನೋವು?’
ಹೊಂಬಾಳಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ
ಮತ್ತೆ ಅಲ್ಲೇ ಗಂಟು ಹಾಕಿದಳು.

ಪರದೆಯ ಮೇಲೆ ಆ ಚಿಹ್ನೆಯನ್ನು ದೊಡ್ಡದು ಮಾಡಿ ನೋಡಿದೆ:
ಎರಡು ಬದು, ನಡುವೆ ಕಾಲುದಾರಿ,
ಎಷ್ಟು ದೂರ ಎಳೆದರೂ ಕೂಡದವು.

ಚಿಕ್ಕಬೋರಯ್ಯ ಬಂದ. ಸರಪಳಿ ಹಿಡಿದು ರಿಟೈರಾದವನು,
ಟೀ ಹೊತ್ತಿಗೆ ಮಾತ್ರ ಇನ್ನೂ ಡ್ಯೂಟಿಯಲ್ಲಿದ್ದಾನೆ.
‘ಇದು ಅದೇ ಹೊಲ ಅಂತ ನೀವು ಹೆಂಗೆ ಹೇಳ್ತಿದ್ರಿ ಬೋರಣ್ಣ?’
‘ಬಿಸ್ಲಲ್ಲಿ ಸರಪ್ಳಿ ಹಿಗ್ತದೆ ಕಣವ್ವ.
ಬದು ವರ್ಸಕ್ಕೊಂದು ಬೆಟ್ಟು ಸರೀತದೆ.
ಅದ್ನೆಲ್ಲ ಹಿಡೀತಿರ್ಲಿಲ್ಲ ನಾವು.
ಗೇಣು ದಾಟುದ್ರೆ ಮಾತ್ರ ಜಗಳ.’

ಯಂತ್ರಕ್ಕೂ ಒಂದು ಗೇಣು ಇದೆ,
ದಶಾಂಶದ ಆರನೇ ಮನೆಯಲ್ಲಿ.
ಸಮಚಿಹ್ನೆಯ ಮುಂದೆ ಬಳುಕಿದ ಗೀಟೊಂದನ್ನು ಇಟ್ಟರೆ
ಅಷ್ಟರೊಳಗಿನ ಎರಡು ಚುಕ್ಕಿಯನ್ನು ಕ್ಷಮಿಸಿ ‘ಅದೇ’ ಅನ್ನುತ್ತದೆ.
ಕ್ಷಮೆಗೂ ಒಂದು ತೊಡಕು:
ಇದು ಅದಕ್ಕೆ ಹತ್ತಿರ, ಅದು ಇನ್ನೊಂದಕ್ಕೆ ಹತ್ತಿರ,
ಹೀಗೆ ಹತ್ತಿರ ಹತ್ತಿರವೆಂದು ಹೆಜ್ಜೆಯಿಡುತ್ತ ಹೋದರೆ
ಊರಾಚೆಯ ಹೊಲವೂ ನಿಮ್ಮದೇ ಆಗಿಬಿಡುತ್ತದೆ.
(ಹಾಗೆ ಆದದ್ದೂ ಉಂಟು. ಆ ಫೈಲು ಬೇರೆ ಬೀರುವಿನಲ್ಲಿದೆ.)

ಸಂಜೆ ನನ್ನದೇ ಒಂದು ‘ಅದೇ’ ಬರೆಯಲು ಕೂತೆ.
ಒಬ್ಬ ಮೋಜಣಿದಾರ ಈಶಾನ್ಯದ ಕಲ್ಲಿಂದ ಹೊರಟು ಬಲಸುತ್ತು ಬಂದಿದ್ದ,
ಇನ್ನೊಬ್ಬ ಹುಣಸೆಯ ಬುಡದಿಂದ ಎಡಸುತ್ತು.
ಸುತ್ತಿದ್ದು ಅದೇ ಮಣ್ಣನ್ನು.
ಅಷ್ಟು ಹೇಳಿಕೊಡಲು ನಲವತ್ತು ಸಾಲು ಬೇಕಾಯಿತು.
ಓಡಿಸಿದೆ. ಮುನ್ನೂರ ಹನ್ನೊಂದು ಜೋಡಿ.

ಮೊದಲನೆಯದು: ಒಂದರ ಚೆಕ್ಕುಬಂದಿಯಲ್ಲಿ
‘ಪಡುವಲಿಗೆ ಹುಣಸೆಮರ’,
ಇನ್ನೊಂದರಲ್ಲಿ ‘ಪಡುವಲಿಗೆ ಖಾಲಿ’.
ನಾಲ್ಕೂ ಮೂಲೆ ಅವೇ.
ಯಾವುದನ್ನು ಅಳಿಸಲಿ?
ಗುಂಡಿಯ ಮೇಲೆ ಬೆರಳಿಟ್ಟು ಇದ್ದೆ, ಒತ್ತಲಿಲ್ಲ.

ಹೊರಗೆ ಬೆಂಚು ಬರಿದಾಗಿತ್ತು. ಎರಡು ತುದಿಯಲ್ಲೂ
ಎಲೆಗೆ ಹಚ್ಚಿ ಬೆರಳೊರೆಸಿದ ಸುಣ್ಣದ ಗೆರೆ.
ಬಗ್ಗಿ ನೋಡಿದೆ.
ಅದೇ ಅಲ್ಲ. ಅಂಥದೇ.